ಆನೆಗೆಂದು ಬೇಡಿದ ಟೈರು

ನಂಬದೇ ಇರಿ, ನೋಡೋಣ. ಎಷ್ಟು ಹೊತ್ತು ತಡೆದುಕೊಳ್ಳುತ್ತೀರೋ ನಾನೂ ನೋಡುತ್ತೇನೆ. ವಯನಾಡಿನ ತೋಲ್ಪೆಟ್ಟಿ ಚೆಕ್‌ಪೋಸ್ಟಿನ ಹತ್ತಿರ ಜೀಪುಗಳ ಬುಡಕ್ಕೆ ಗ್ರೀಸು ಹಚ್ಚುವ ಎಪ್ಪತ್ತೆರಡು ವರ್ಷದ ಮುದುಕನೊಬ್ಬ ಕಾರ್ ರ‍್ಯಾಲಿಗೆ ತಂಡ ಕಟ್ಟಿದ, ಆನೆಯ ಹೆಸರು ಹೇಳಿ ಬೆಂಗಳೂರಿನ ದೊಡ್ಡ ತಂಡದಿಂದ ಟೈರು ಬೇಡಿ ತಂದ, ಅದೇ ಟೈರು ಹಾಕಿಕೊಂಡು ಅವರ ಕಣ್ಣೆದುರಿಗೇ ಓಟಕ್ಕಿಳಿದ ಅಂದರೆ ನಿಮ್ಮಂಥ ಓದಿದವರು ಮೀಸೆಯ ಅಡಿಯಲ್ಲಿ ನಗುತ್ತೀರಿ. ನಗಿ. ನನಗೇನೂ ನಷ್ಟವಿಲ್ಲ.

ಇದೆಲ್ಲ ನೆನಪಾದದ್ದು ಒಂದು ಕಾಂದಾರಿ ಮೆಣಸಿನ ಗಿಡದಿಂದ. ನಮ್ಮ ಅಂಗಳದಲ್ಲಿ ಹಳೆಯ ಟೈರಿನೊಳಗೆ ಮಣ್ಣು ತುಂಬಿ ನನ್ನ ಹೆಂಡತಿ ಅದನ್ನು ಬೆಳೆಸಿದ್ದಾಳೆ. ಹೋದ ವಾರ ಪೋಸ್ಟ್ ತಂದ ಹೆಂಗಸು ಅದನ್ನು ಬಗ್ಗಿ ನೋಡಿ, ಇದೇನು ಆಶಾನೇ, ಟ್ರ್ಯಾಕ್ಟರ್ ಟೈರಿನ ಮರಿಯಾ ಎಂದು ಕೇಳಿದಳು. ಆಶಾನ್ ಅಂದರೆ ನಮ್ಮ ಕಡೆ ಗುರು, ಮೇಸ್ತ್ರಿ. ಮಲಯಾಳದ ಮಾತು, ಆದರೆ ಕನ್ನಡದವರೂ ನನ್ನನ್ನು ಹಾಗೆಯೇ ಕರೆಯುವುದು. ಆ ಟೈರಿನ ಮೈತುಂಬ ಬೆರಳುದ್ದದ ರಬ್ಬರ್ ಹಲ್ಲುಗಳಿದ್ದವು. ಈಗ ಅರ್ಧ ಉದುರಿ ನನ್ನ ಬಾಯಿಯ ಹಾಗೇ ಆಗಿದೆ. ಅವಳಿಗೆ ಉತ್ತರ ಹೇಳೋಣವೆಂದು ನಾನು ಕುರ್ಚಿ ಎಳೆಯುವಷ್ಟರಲ್ಲಿ ಅವಳು ಸ್ಕೂಟರ್ ಹತ್ತಿ ಹೋಗಿಬಿಟ್ಟಳು. ಹಾಗಾಗಿ ನೀವು ಕೇಳಬೇಕು.

ಟೈರಿಗೂ ನನಗೂ ನಂಟು ಹಳೆಯದು. ನಮ್ಮಪ್ಪ ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲಿ ಉಪ್ಪು, ಬೆಲ್ಲ, ಬೀಡಿ, ಸೀಮೆಎಣ್ಣೆಯ ಅಂಗಡಿ ಇಟ್ಟವರು. ಮರದ ಲಾರಿಗಳು ಚೆಕ್‌ಪೋಸ್ಟಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದವು. ಅಪ್ಪನ ಹತ್ತಿರ ಒಂದು ಕಾಲಿನ ಪಂಪು ಇತ್ತು. ನನಗೆ ಹತ್ತು ವರ್ಷವಿರಬೇಕು, ಆಗಲೇ ವ್ಯಾಪಾರದ ತಲೆ ಬಲಿತಿತ್ತು. ಡ್ರೈವರ್ ಒಳಗೆ ಚಹಾ ಕುಡಿಯುವಾಗ ಲಾರಿಯ ಒಂದು ಚಕ್ರದ ಗಾಳಿ ಬಿಡುವುದು, ಆಮೇಲೆ ನಾನೇ ಹೋಗಿ ಅಯ್ಯೋ ಪಾಪ, ಗಾಳಿ ಹೋಗಿದೆ ಎನ್ನುವುದು, ಪಂಪಿಗೆ ಐದು ಪೈಸೆ ಬಾಡಿಗೆ ತೆಗೆದುಕೊಳ್ಳುವುದು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಕೊನೆಗೆ ಕುಂಞಾಲಿ ಎಂಬ ಡ್ರೈವರ್ ನನ್ನನ್ನು ಲಾರಿಯ ಅಡಿಯಿಂದ ಕಿವಿ ಹಿಡಿದು ಎಳೆದ. ಹೊಡೆಯಲಿಲ್ಲ. ಆರೂ ಚಕ್ರದ ಗಾಳಿ ತಾನೇ ಬಿಟ್ಟು, ಪಂಪು ನನ್ನ ಕಾಲಿಗೆ ಕೊಟ್ಟು, ನೆರಳಲ್ಲಿ ಕೂತು ಬೀಡಿ ಹಚ್ಚಿದ. ಸಂಜೆಗೆ ನನ್ನ ತೊಡೆ ನಡುಗುತ್ತಿತ್ತು. ಅವನು ಒಂದು ಚಹಾ ಕೊಡಿಸಿ, ನಾಳೆಯಿಂದ ಶಾಲೆ ಬಿಟ್ಟ ಮೇಲೆ ಬಾ, ಚಕ್ರ ಕಳಚುವುದು ಹೇಳಿಕೊಡುತ್ತೇನೆ ಅಂದ. ನನ್ನ ವಿದ್ಯಾಭ್ಯಾಸ ಅಷ್ಟೇ. ನಿಮ್ಮದು ಇದಕ್ಕಿಂತ ಜಾಸ್ತಿ ಇರಬಹುದು, ಆದರೆ ಆರು ಚಕ್ರಕ್ಕೆ ಗಾಳಿ ತುಂಬಿದ್ದೀರಾ?

ಇರಲಿ. ತಂಡದ ಮಾತಿಗೆ ಬರುತ್ತೇನೆ.

ನಮ್ಮ ತಂಡದಲ್ಲಿ ಮೂರೇ ಜನ. ಕಾರು ಓಡಿಸುವವಳು ಶೈಲಾ, ನನ್ನ ತಂಗಿಯ ಮಗಳು. ನಾನು ಕರೆಯುವುದು ಮೋಳೆ ಎಂದು, ಅಂದರೆ ಮಗಳೇ. ಅವಳ ಉದ್ಯೋಗ ಕಾಡಿನೊಳಗೆ ಸಫಾರಿ ಜೀಪು ಓಡಿಸುವುದು. ಅಲ್ಲಿ ಇಪ್ಪತ್ತು ಕಿಲೋಮೀಟರಿಗಿಂತ ಜೋರು ಹೋಗುವಂತಿಲ್ಲ. ಹೋದರೆ ಫಾರೆಸ್ಟಿನವರು ಪಾಸು ಕಿತ್ತುಕೊಳ್ಳುತ್ತಾರೆ. ಹತ್ತು ವರ್ಷ ಇಪ್ಪತ್ತರಲ್ಲೇ ಓಡಿಸಿದ ಹೆಣ್ಣಿನೊಳಗೆ ಎಷ್ಟು ವೇಗ ಗಂಟು ಕಟ್ಟಿರಬೇಕು, ನೀವೇ ಯೋಚಿಸಿ. ಆದರೆ ನಾನು ಅವಳನ್ನು ಆರಿಸಿದ್ದು ವೇಗಕ್ಕಲ್ಲ. ಅವಳ ಕೈಗೆ ಸಿಕ್ಕ ಗೇರ್‌ಬಾಕ್ಸು ಹತ್ತು ವರ್ಷದಲ್ಲಿ ಒಮ್ಮೆಯೂ ನನ್ನ ಶೆಡ್ಡಿಗೆ ಬಂದಿರಲಿಲ್ಲ. ಸಣ್ಣ ತಂಡಕ್ಕೆ ಬೇಕಾದದ್ದು ಅದು. ಜೋರಾಗಿ ಓಡಿಸಿ ಮುರಿಯುವವರು ಊರಿಗೆ ನೂರು ಜನ ಸಿಗುತ್ತಾರೆ.

ಪಕ್ಕದ ಸೀಟಿನಲ್ಲಿ ಕೂತು ದಾರಿ ಓದಿ ಹೇಳುವವನು ಬೊಮ್ಮನ್. ಕಾಡಿನಂಚಿನ ಕುರುಮರ ಹಾಡಿಯವನು, ಮೊದಲು ಫಾರೆಸ್ಟಿನಲ್ಲಿ ವಾಚರ್ ಆಗಿದ್ದ. ರ‍್ಯಾಲಿಗೆ ಹೋದಲ್ಲೆಲ್ಲ ಜನ ಅವನನ್ನು ನೋಡಿ, ಓ, ಕಾಡಿನವನು, ದಾರಿ ಮೂಸಿಯೇ ಹೇಳುತ್ತಾನೆ ಎಂದು ತಲೆದೂಗುತ್ತಾರೆ. ಈ ಮಹಾಶಯ ಮಾನಂದವಾಡಿ ಬಸ್‌ಸ್ಟ್ಯಾಂಡಿನಲ್ಲೇ ದಾರಿ ತಪ್ಪಿ ಎರಡು ಸಲ ಕಣ್ಣೂರಿನ ಬಸ್ಸು ಹತ್ತಿದವನು. ಅವನ ಗುಣ ಬೇರೆ: ಅಕ್ಷರ ಮುತ್ತಿನ ಹಾಗೆ. ಮೊದಲೇ ದಾರಿ ನೋಡಿಕೊಂಡು ಬರುವಾಗ ಪ್ರತಿ ತಿರುವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಕಾರು ಎಷ್ಟು ಕುಣಿದರೂ ಒಂದಕ್ಷರ ಕಲಸುವುದಿಲ್ಲ. 'ಬಲಕ್ಕೆ ಮೂರು, ಕಲ್ಲು, ಬ್ರೇಕ್ ವೇಂಡ' ಎಂದು ಕನ್ನಡ ಮಲಯಾಳ ಕೂಡಿಸಿ ಓದುತ್ತಾನೆ. ಮೂರು ಅಂದರೆ ತಿರುವು ಎಷ್ಟು ಕಡಿದು ಎಂಬ ಅಳತೆ, ವೇಂಡ ಅಂದರೆ ಬೇಡ. ಇನ್ನು ಮೂರನೆಯವನು ನಾನು. ಮ್ಯಾನೇಜರು, ಮೆಕ್ಯಾನಿಕ್ಕು, ಅಡುಗೆಯವನು.

ಈಗ ಅರ್ಥಶಾಸ್ತ್ರ. ಹೆದರಬೇಡಿ. ನಮ್ಮ ಕಡೆ ಯಾವ ಬೆಲೆ ಹೇಳಿದರೂ ಮನಸ್ಸಿನಲ್ಲೇ ಕರಿಮೆಣಸಿಗೆ ತಿರುಗಿಸಿಕೊಳ್ಳುತ್ತೇವೆ. ಮಣ್ಣಿನ ರ‍್ಯಾಲಿಯ ಒಂದು ಟೈರಿಗೆ ಹದಿನೈದು ಕಿಲೋ ಮೆಣಸು. ನಾಲ್ಕು ಚಕ್ರಕ್ಕೆ ಅರವತ್ತು. ಚೂಪು ಕಲ್ಲಿನ ದಾರಿಯಲ್ಲಿ ಒಂದು ದಿನ ಓಡುವಷ್ಟರಲ್ಲಿ ಅದರ ಕಥೆ ಮುಗಿಯಿತು. ಮೂವತ್ತು ಬಳ್ಳಿಯ ಒಂದು ವರ್ಷದ ಮೆಣಸು ಬೆಳಿಗ್ಗೆ ಕಾರಿನಡಿ ಹೋಗಿ ಸಂಜೆಗೆ ಧೂಳಾಗಿ ಬರುತ್ತದೆ. ಎಂಟ್ರಿ ಫೀಸು, ಲೈಸೆನ್ಸು, ಪೆಟ್ರೋಲು ಬೇರೆ. ಹೆಲ್ಮೆಟ್ಟು ಮತ್ತು ಬೆಂಕಿ ತಡೆಯುವ ಅಂಗಿ ಮಾತ್ರ ನಾವು ಹೊಸದೇ ಕೊಂಡೆವು. ಅದರಲ್ಲಿ ಜಿಪುಣತನ ಮಾಡಿದ್ದರೆ ನನ್ನ ತಂಗಿ ನನ್ನನ್ನೇ ಒಲೆಗೆ ಇಡುತ್ತಿದ್ದಳು.

ಮಿಕ್ಕದ್ದಕ್ಕೆಲ್ಲ ತಲೆ ಓಡಿಸಬೇಕು. ಕಾರನ್ನು ರ‍್ಯಾಲಿಯ ಊರಿಗೆ ಸಾಗಿಸಲು ದೊಡ್ಡವರು ಬಣ್ಣ ಹಚ್ಚಿದ ಟ್ರಕ್ಕು ಇಟ್ಟಿದ್ದಾರೆ. ನಮ್ಮ ಕಾರು ಶುಂಠಿ ಲಾರಿಯ ಹಿಂದಿನ ಜಾಗದಲ್ಲಿ ಮೂಟೆಗಳ ಜೊತೆ ಹೋಗುತ್ತಿತ್ತು. ಚಿಕ್ಕಮಗಳೂರಿನಲ್ಲಿ ಕಾರು ಪರೀಕ್ಷೆ ಮಾಡುವ ಅಧಿಕಾರಿ ಬಾಗಿಲು ತೆರೆದವನು ಆರು ಸಲ ಸೀನಿ, ಸರಿ ಸರಿ ತಗೊಂಡು ಹೋಗಿ ಎಂದು ಸಹಿ ಹಾಕಿದ. ಅವರದು ಮಂಚದಷ್ಟು ದೊಡ್ಡ ಟೂಲ್‌ಬಾಕ್ಸು, ಫ್ಯಾನು ತಿರುಗುವ ಡೇರೆ. ನಮ್ಮದು ಕಾಫಿ ಒಣಗಿಸುವ ನೀಲಿ ಟಾರ್ಪಾಲು. ಕಾಟಿಕುಳದ ಬೇಕರಿಯವನು ನಮ್ಮ ಪ್ರಾಯೋಜಕ. ಕೊಟ್ಟದ್ದು ದುಡ್ಡಲ್ಲ, ಬನ್ನು. ಒಂದು ರ‍್ಯಾಲಿಗೆ ಇನ್ನೂರು ಬನ್ನು. ಅದಕ್ಕೆ ಪ್ರತಿಯಾಗಿ ಬೇಕರಿಯ ಹೆಸರು ಬಾನೆಟ್ಟಿನಲ್ಲಿ ಬರಬೇಕಂತೆ, ಮಗಳ ಹೆಸರು ಎಡಬಾಗಿಲಲ್ಲಿ. ಬನ್ನನ್ನು ನಾವೇನು ಪೂರ್ತಿ ತಿನ್ನುತ್ತಿದ್ದೆವೆ? ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಎಲ್ಲ ತಂಡದ ಹುಡುಗರಿಗೂ ಹಸಿವು. ಒಂದು ಬನ್ನಿಗೆ ಒಂದು ಬೋಲ್ಟು, ಎರಡಕ್ಕೆ ಒಂದು ಫ್ಯಾನ್‌ಬೆಲ್ಟು. ಹಾಗೆ ಒಂದು ಋತುವಿನಲ್ಲಿ ನಾನು ಬನ್ನು ಕೊಟ್ಟು ಸಂಪಾದಿಸಿದ ಸಾಮಾನು ಇವತ್ತಿಗೂ ಶೆಡ್ಡಿನಲ್ಲಿದೆ, ಬಂದು ನೋಡಬಹುದು.

ದೊಡ್ಡ ತಂಡ ಈ ಓಟ ಗೆಲ್ಲಲು ಖರ್ಚು ಮಾಡುತ್ತದೆ. ಸಣ್ಣ ತಂಡ ಮುಂದಿನ ಓಟದ ತನಕ ಬದುಕಿರಲು ಖರ್ಚು ಮಾಡುತ್ತದೆ. ವ್ಯತ್ಯಾಸ ಅಷ್ಟೇ.

ಟೈರನ್ನು ಮಾತ್ರ ಬನ್ನಿಗೆ ಯಾರೂ ಕೊಡಲಿಲ್ಲ. ಆಗ ನನ್ನ ಕಣ್ಣು ಬಿದ್ದದ್ದು ಬೆಂಗಳೂರಿನ ತಂಡದ ಡೇರೆಯ ಹಿಂದೆ. ಒಂದೇ ಓಟ ಓಡಿದ ಟೈರುಗಳು ಗುಡ್ಡೆ ಬಿದ್ದಿದ್ದವು. ಅರ್ಧಕ್ಕರ್ಧ ಹಲ್ಲು ಗಟ್ಟಿಯಾಗಿತ್ತು. ಅವರ ಮ್ಯಾನೇಜರ್ ಕಿಶೋರ್ ಒಳ್ಳೆಯ ಹುಡುಗ, ಆದರೆ ಹಳೆ ಟೈರು ಬೇರೆ ತಂಡಕ್ಕೆ ಕೊಡಬಾರದೆಂದು ಅವರ ಕಂಪನಿಯ ಕಟ್ಟಪ್ಪಣೆ. ನಾನು ಟೋಪಿ ತೆಗೆದು, ಬೆನ್ನು ಸ್ವಲ್ಪ ಬಗ್ಗಿಸಿ, ವಯನಾಡಿನ ಬಡ ಮುದುಕನಾಗಿ ಹೋದೆ. ನಮ್ಮ ಕಡೆ ಗದ್ದೆಗೆ ಆನೆ ಬರುತ್ತದೆ ಸಾರ್, ಬೇಲಿಗೆ ಟೈರು ಸಾಲಾಗಿ ಕಟ್ಟಿದರೆ ರಬ್ಬರ್ ವಾಸನೆಗೆ ಒಳಗೆ ಕಾಲಿಡುವುದಿಲ್ಲ ಅಂದೆ. ಹುಡುಗನ ಕಣ್ಣು ಒದ್ದೆಯಾಯಿತು. ಎಂಟು ಟೈರು ತಾನೇ ಉರುಳಿಸಿಕೊಂಡು ಬಂದು ಲಾರಿಗೆ ಹಾಕಿಸಿದ.

ಒಂದು ತೊಡಕಾಯಿತು. ಕಂಪನಿಗೆ ತೋರಿಸಲು ಬೇಲಿಯ ಫೋಟೋ ಕಳಿಸಿ ಅಂದ. ಸರಿ, ಬೊಮ್ಮನ ಗದ್ದೆಯ ಬೇಲಿಗೆ ಎಂಟನ್ನೂ ಸಾಲಾಗಿ ನೇತುಹಾಕಿ ಫೋಟೋ ತೆಗೆದೆವು. ಇಳಿಸುವ ಮೊದಲೇ ಕತ್ತಲಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಆನೆ ಬಂದು ಹೋಗಿದೆ. ಏಳು ಟೈರು ಬೇಲಿಯಲ್ಲೇ ಇದ್ದವು. ಎಂಟನೆಯದನ್ನು ಕಿತ್ತು ಗದ್ದೆಯ ನಟ್ಟನಡುವೆ ಒಯ್ದು, ಆಡಿ ಸಾಕಾಗಿ, ಅದರ ಮೇಲೆ ಒಂದು ಬುಟ್ಟಿ ಲದ್ದಿ ಹಾಕಿತ್ತು. ನನ್ನ ಶಾಸ್ತ್ರದ ಬಗ್ಗೆ ಆನೆಯ ಅಭಿಪ್ರಾಯ ಅದು. ತೊಳೆದು ಹಾಕಿಕೊಂಡೆವು.

ಹೀಗೆ ಕೊಯಮತ್ತೂರು, ಚಿಕ್ಕಮಗಳೂರು ದಾಟಿ ವರ್ಷದ ಕೊನೆಯ ರ‍್ಯಾಲಿಗೆ ಬಂದೆವು. ಅದು ನಮ್ಮ ಜಿಲ್ಲೆಯಲ್ಲೇ, ಮಾನಂದವಾಡಿಯ ಹತ್ತಿರದ ಒಂದು ಟೀ ಎಸ್ಟೇಟಿನ ದಾರಿಗಳಲ್ಲಿ. ಸಣ್ಣ ಎಂಜಿನ್ನಿನ ವರ್ಗದಲ್ಲಿ ಮೊದಲ ಎರಡು ಸ್ಥಾನದೊಳಗೆ ಬಂದವರಿಗೆ ಕೋಯಿಕ್ಕೋಡಿನ ಟೈರು ವ್ಯಾಪಾರಿ ಮುಂದಿನ ವರ್ಷ ಪೂರ್ತಿ ಟೈರು ಕೊಡುವುದೆಂದು ಮಾತಾಗಿತ್ತು. ಬರದಿದ್ದರೆ ತಂಡ ಮುಚ್ಚುವುದು. ಇದು ನಾನು ಹೆಂಡತಿಗೆ ಕೊಟ್ಟ ಮಾತು. ಕಾರು ಕೊಳ್ಳಲು ಕುಶಾಲನಗರದವನೊಬ್ಬ ಸೋಮವಾರ ಬರುವವನಿದ್ದ. ಕಾರು ಹೋದರೆ ಶೈಲಾ ಮತ್ತೆ ಇಪ್ಪತ್ತು ಕಿಲೋಮೀಟರಿಗೆ. ಈ ಸಲ ಜೀವಮಾನಪೂರ್ತಿ. ಅವಳು ಆ ವಾರವೆಲ್ಲ ಸಫಾರಿ ಜೀಪು ಓಡಿಸುವಾಗ ಸ್ಪೀಡೋಮೀಟರ್ ಮೇಲೆ ಒಂದು ಬಟ್ಟೆ ಹಾಕಿಕೊಂಡಿದ್ದಳು.

ಓಟದ ಹಿಂದಿನ ದಿನ ನಾನು ಮಾಮೂಲಿನಂತೆ ಟೋಪಿ ತೆಗೆದು ಕಿಶೋರನ ಡೇರೆಗೆ ಹೋದೆ. ಅವನು ನಗುತ್ತಿದ್ದ. ಅವನ ಹುಡುಗರು ಎಲ್ಲ ಟೈರಿಗೂ ಹಳದಿ ಬಣ್ಣದಲ್ಲಿ ನಂಬರು ಬರೆಯುತ್ತಾರೆ. ನಾನು ಅದನ್ನು ಉಜ್ಜಿ ಅಳಿಸಬೇಕಿತ್ತು, ಅರ್ಧಂಬರ್ಧ ಅಳಿಸಿದ್ದೆ. ಆದರೆ ಬೊಮ್ಮನಿಗೆ ಮಾಸಿದ ಅಕ್ಷರ ಕಂಡರೆ ಜೀವ ತಡೆಯುವುದಿಲ್ಲ. ಟೈರಿಗೆ ನಂಬರು ಮುಖ್ಯವಿರಬೇಕೆಂದುಕೊಂಡು, ನನಗೆ ಹೇಳದೆ, ನಮ್ಮ ಹತ್ತಿರವಿದ್ದ ಎಲ್ಲ ಟೈರಿನ ನಂಬರನ್ನೂ ಹೊಸ ಹಳದಿ ಬಣ್ಣದಲ್ಲಿ ಮುತ್ತಿನ ಹಾಗೆ ತಿದ್ದಿಟ್ಟಿದ್ದ. ನಮ್ಮ ಕಾರು ಮೈದಾನಕ್ಕೆ ಬಂದಾಗ ಕಿಶೋರನ ಟೈರುಗಳು ಅವನ ಹತ್ತಿರವಿದ್ದಾಗಿನದಕ್ಕಿಂತ ಚಂದ ಕಾಣುತ್ತಿದ್ದವು.

ಅವನು ಬೈಯಲಿಲ್ಲ. ಆರು ಟೈರು ಉರುಳಿಸಿಕೊಂಡು ಬಂದ. ಪ್ರತಿಯೊಂದರ ಪಕ್ಕೆಯಲ್ಲೂ ಬ್ಲೇಡಿನಿಂದ ಗೇಣುದ್ದ ಸೀಳಿತ್ತು.

"ತಾತ, ಆನೆಗಲ್ವಾ, ಕೊಯ್ದಿರೋ ಟೈರ್ ಆದ್ರೂ ನಡೆಯುತ್ತೆ ತಾನೆ?" ಅಂದ.

ಎಪ್ಪತ್ತು ವರ್ಷದಲ್ಲಿ ನನಗೆ ನನ್ನದೇ ಔಷಧ ಕುಡಿಸಿದವರು ಇಬ್ಬರೇ, ಕುಂಞಾಲಿ ಮತ್ತು ಈ ಹುಡುಗ. ನಡೆಯುತ್ತೆ ಸಾರ್, ಆನೆಗೆ ಪಕ್ಕೆ ನೋಡುವ ಅಭ್ಯಾಸವಿಲ್ಲ ಎಂದು ಹೇಳಿ ಆರನ್ನೂ ಎತ್ತಿಕೊಂಡು ಬಂದೆ. ಮುಖ ಉಳಿಸಿಕೊಳ್ಳಬೇಕಲ್ಲ.

ಮರುದಿನ ಓಟ. ಎಸ್ಟೇಟಿನ ದಾರಿಯಲ್ಲಿ ಒಬ್ಬೊಬ್ಬರನ್ನೇ ಬಿಟ್ಟು ಸಮಯ ಅಳೆಯುತ್ತಾರೆ. ಒಟ್ಟು ಐದು ಓಟ, ನಡುನಡುವೆ ಕಾರು ರಿಪೇರಿಗೆ ಇಪ್ಪತ್ತು ನಿಮಿಷ. ನಾಲ್ಕು ಓಟ ಮುಗಿದಾಗ ಶೈಲಾ ಮೂರನೆಯ ಸ್ಥಾನದಲ್ಲಿದ್ದಳು. ಎರಡನೆಯವನಿಗೂ ಅವಳಿಗೂ ನಾಲ್ಕು ಸೆಕೆಂಡು. ಊರಿನವರೆಲ್ಲ ಟೀ ಗಿಡಗಳ ನಡುವೆ ಕೊಡೆ ಹಿಡಿದು ಕೂತಿದ್ದರು. ಕಾರು ಟಾರ್ಪಾಲಿನ ಅಡಿಗೆ ಬಂತು. ನೋಡಿದೆ: ಮುಂದಿನ ಎರಡು ಟೈರು ಪರವಾಗಿಲ್ಲ, ಹಿಂದಿನ ಬಲದ್ದು ಹೇಗೋ ನಡೆದೀತು, ಹಿಂದಿನ ಎಡದ್ದು ಕಲ್ಲಿಗೆ ತಾಗಿ ಹರಿದು ಚಿಂದಿ. ಉಳಿದ ಒಳ್ಳೆಯ ಟೈರು ಒಂದೂ ಇಲ್ಲ. ಇದ್ದದ್ದು ಆನೆಯ ಪಾಲಿನ ಆರು.

ಈಗ ನೀವು ಕಾರಿನ ಷೋರೂಮಿನಿಂದ ಬಂದವರಾದರೆ ಕೈ ಚೆಲ್ಲುತ್ತೀರಿ. ನಾನು ಮರದ ಲಾರಿಯ ಅಡಿಯಿಂದ ಬಂದವನು. ಲಾರಿಯ ಟೈರು ಸೀಳಿದರೆ ನಾವು ಎಸೆಯುವುದಿಲ್ಲ. ಹಳೆಯ ಟೈರಿನ ಒಂದು ತುಂಡು ಕತ್ತರಿಸಿ, ಅಂಚು ತೆಳ್ಳಗೆ ಕೆರೆದು, ಸೀಳಿನ ಒಳಬದಿಗೆ ಅಂಗಿಗೆ ತೇಪೆ ಇಟ್ಟ ಹಾಗೆ ಇಟ್ಟು, ಅದರ ಮೇಲೆ ಟ್ಯೂಬು ತುಂಬಿ ಗಾಳಿ ಹೊಡೆಯುತ್ತೇವೆ. ಗಾಳಿಯ ಒತ್ತಡಕ್ಕೆ ತೇಪೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ಗೇಟರ್ ಅನ್ನುತ್ತಾರೆ. ಅಂಥ ಟೈರಿನಲ್ಲಿ ನಾನು ಕುಟ್ಟದಿಂದ ಮೈಸೂರಿಗೆ ಮರ ಸಾಗಿಸಿದ್ದೇನೆ. ಚಕ್ರ ಸ್ವಲ್ಪ ಕುಂಟುತ್ತದೆ, ಹಾಗಾಗಿ ಮುಂದೆ ಹಾಕುವಂತಿಲ್ಲ. ಆದರೆ ನಮ್ಮ ಕಾರನ್ನು ಎಳೆಯುವುದು ಮುಂದಿನ ಚಕ್ರ. ಹಿಂದಿನದು ಜೊತೆಗೆ ಬಂದರೆ ಸಾಕು. ರೂಲ್‌ಬುಕ್ಕನ್ನು ಬೊಮ್ಮನ್ ಎರಡು ಸಲ ಓದಿದ. ಟೈರಿನ ಅಳತೆಯ ಮಾತಿತ್ತು, ಅದರ ಹೊಟ್ಟೆಯಲ್ಲಿ ಏನಿರಬೇಕೆಂಬ ಮಾತಿರಲಿಲ್ಲ. ಅಧಿಕಾರಿ ಬಂದು ಚಕ್ರವನ್ನು ಬಡಿದು, ತಿರುಗಿಸಿ, ನನ್ನ ಮುಖ ನೋಡಿ, ಏನೋ ಇದೆ ಎಂದುಕೊಂಡು, ಅದೇನೆಂದು ಗೊತ್ತಾಗದೆ ಹೋದ.

ಒಂಬತ್ತು ನಿಮಿಷದಲ್ಲಿ ಗೇಟರ್ ಕೂರಿಸಿದೆ. ಈ ವಯಸ್ಸಿನಲ್ಲಿ. ಗಡಿಯಾರ ಹಿಡಿದದ್ದು ಬೇಕರಿಯವನು, ಅವನನ್ನೇ ಕೇಳಿ.

ಸೀಳಿದ್ದ ಕಡೆ ಸಣ್ಣ ಉಬ್ಬು ಬಂದಿತ್ತು, ಪಾಯಸದಲ್ಲಿ ದ್ರಾಕ್ಷಿ ಉಬ್ಬಿದ ಹಾಗೆ. ಟೈರು ಬಿಟ್ಟುಕೊಂಡರೆ ಹಿಂದಿನ ಆಕ್ಸಲ್ ಹೋಗುತ್ತದೆ. ಹಾಗಾದರೆ ಕುಶಾಲನಗರದವನು ಸೋಮವಾರ ಬಂದು ಏನು ನೋಡುವುದು? ಈಗಲೇ ನಿಲ್ಲಿಸಿದರೆ ಇಡೀ ಕಾರು ಉಳಿಯುತ್ತದೆ, ಒಳ್ಳೆಯ ಬೆಲೆ ಬರುತ್ತದೆ. ಓಡಿದರೆ ಮುಂದಿನ ವರ್ಷ ಅಥವಾ ಗುಜರಿ. ಮೂವರೂ ಆ ಉಬ್ಬನ್ನೇ ನೋಡಿದೆವು. ಬೊಮ್ಮನ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದ. ನಾನು ಶೈಲಾಳ ಭುಜದ ಮೇಲೆ ಕೈಯಿಟ್ಟು, "ಓಗು ಮೋಳೆ. ಮುರುದ್ರೆ ಮುರೀಲಿ, ನಾನಿವ್ನಿ," ಅಂದೆ.

ಹೋದಳು.

ಕೊನೆಯ ಓಟ ಹನ್ನೊಂದು ಕಿಲೋಮೀಟರು. ನಾವಿರುವಲ್ಲಿಂದ ಕಾರು ಕಾಣುವುದಿಲ್ಲ, ಗುಡ್ಡದ ಸುತ್ತ ಸದ್ದು ಮಾತ್ರ ಬರುತ್ತದೆ. ಎಂಜಿನ್ನಿನ ಸದ್ದಿನ ಜೊತೆಗೆ ಒಂದು ಟಪ್ ಟಪ್. ಆ ಉಬ್ಬು ನೆಲಕ್ಕೆ ಬಡಿಯುವುದು. ಅದು ಕೇಳುವ ತನಕ ಟೈರು ಇದೆ. ಫ್ಯಾಕ್ಟರಿಯ ಹಿಂದೆ ಟಪ್ ಟಪ್ ನಿಂತಿತು. ಆಮೇಲೆ ಗೊತ್ತಾಯಿತು, ಅಲ್ಲಿ ಇಪ್ಪತ್ತು ಅಡಿ ಕಾರು ಗಾಳಿಯಲ್ಲೇ ಇತ್ತಂತೆ. ಬೊಮ್ಮನ್ ಪುಸ್ತಕದಲ್ಲಿ 'ದಿಣ್ಣೆ, ಮೆಲ್ಲಗೆ' ಎಂದು ಬರೆದಿದ್ದ. ಮೆಲ್ಲಗೆ ಎಂಬುದನ್ನು ಮಾತ್ರ ಓದಲಿಲ್ಲವಂತೆ. ಯಾಕೋ ಎಂದು ಕೇಳಿದರೆ, ಓದಿದ್ದರೂ ಅವಳು ಕೇಳುತ್ತಿರಲಿಲ್ಲ ಆಶಾನೇ, ಸುಮ್ಮನೆ ಗಂಟಲು ಯಾಕೆ ಒಣಗಿಸಿಕೊಳ್ಳಲಿ ಎಂದ.

ಕಾರು ಕೊನೆಯ ತಿರುವಿನಲ್ಲಿ ಬಂದಾಗ ಹಿಂದಿನ ಎಡ ಚಕ್ರದಿಂದ ಗೇಟರಿನ ತುಂಡು ಹೊರಗೆ ಇಣುಕಿ, ಓಡಿ ಬಂದ ನಾಯಿಯ ನಾಲಗೆಯ ಹಾಗೆ ಅಲ್ಲಾಡುತ್ತಿತ್ತು. ಗೆರೆ ದಾಟಿ ಹತ್ತು ಮಾರು ಹೋದ ಮೇಲೆ ಟ್ಯೂಬು ಒಡೆಯಿತು. ಸಮಯ ಬಂತು. ಐದೂ ಓಟ ಕೂಡಿಸಿದ ಲೆಕ್ಕದಲ್ಲಿ ಎರಡನೆಯವನಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಶೈಲಾ ಮುಂದೆ.

ಕಿಶೋರ್ ಬಂದು ಆ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ. ತನ್ನ ಬ್ಲೇಡಿನ ಗುರುತನ್ನೂ ಅದರೊಳಗಿನ ತೇಪೆಯನ್ನೂ ಬೆರಳಿನಿಂದ ಮುಟ್ಟಿ ನೋಡಿದ. ಇದನ್ನು ನಮ್ಮ ಹುಡುಗರಿಗೆ ಕಲಿಸುತ್ತೀರಾ ಎಂದು ಕೇಳಿದ. ಕಲಿಸುತ್ತೇನೆ, ಫೀಸು ನಾಲ್ಕು ಟೈರು, ಸೀಳದೇ ಇರುವವು ಅಂದೆ. ಕೊಟ್ಟ.

ಈ ವರ್ಷವೂ ಓಡುತ್ತಿದ್ದೇವೆ. ಮುಂದಿನ ವಾರ ಶುಂಠಿ ಲಾರಿ ಹತ್ತಬೇಕು. ಕುಶಾಲನಗರದವನು ಬೇರೆ ಕಾರು ಕೊಂಡ.

ನೀವು ಇಷ್ಟು ಹೊತ್ತು ಹುಬ್ಬು ಗಂಟಿಕ್ಕಿಕೊಂಡು ಕೂತಿದ್ದೀರಿ, ಆನೆಯ ಲದ್ದಿ ಸುಳ್ಳು, ಇನ್ನೂರು ಬನ್ನು ಸುಳ್ಳು, ಒಂಬತ್ತು ನಿಮಿಷ ಸುಳ್ಳು ಎಂದು. ಅವೆಲ್ಲ ನಿಜ. ಒಂದೇ ಒಂದು ಮಾತನ್ನು ನಾನು ಕಟ್ಟಿ ಹೇಳಿದೆ. ಆ ಉಬ್ಬು ನೋಡಿದ ಮೇಲೆ ನಾನು 'ಓಗು' ಅನ್ನಲಿಲ್ಲ. "ಸಾಕು ಮೋಳೆ, ಲಾರಿಗ್ ಹತ್ಸುಮ. ಇಷ್ಟಾದ್ರೂ ಉಳ್ಕತದೆ," ಅಂದೆ. ಚಕ್ರವನ್ನು ಕಾರಿಗೆ ಹಾಕದೆ ನೆಲಕ್ಕೆ ಒರಗಿಸಿಯೂ ಬಿಟ್ಟಿದ್ದೆ. ಶೈಲಾ ಹೆಲ್ಮೆಟ್ಟು ಹಾಕಿಕೊಂಡು, ಪಟ್ಟಿ ತಾನೇ ಬಿಗಿದುಕೊಂಡು, ನನ್ನ ಮುಖ ನೋಡದೆ ಹೇಳಿದಳು:

"ಚಕ್ರ ಆಕು ಮಾವ. ನಿಂಗೆ ಅಂಜ್ಕೆ ಆದ್ರೆ ಕಣ್ ಮುಚ್ಕೊ."

ನಾಲ್ಕು ನಟ್ಟು. ಬಿಗಿದದ್ದು ಮಾತ್ರ ನಾನೇ.